ಬಾನೆಟ್ ಮೇಲೆ ಒಮ್ಮೆ ಕೈಯಾಡಿಸಿ

ಹೋದ ಸಂಚಿಕೆಯಲ್ಲಿ ಮಳೆಗಾಲ ಮುಗಿದ ಮೇಲೆ ಕಾರು ತೊಳೆಯುವ ಬಗ್ಗೆ ಬರೆಯುವಾಗ, ಕೊನೆಯಲ್ಲಿ "ಬೇಕಿದ್ದರೆ ಕ್ಲೇ ಬಾರ್ ಹಾಕಿ" ಅಂತ ಒಂದೇ ಒಂದು ಸಾಲು ಸೇರಿಸಿದ್ದೆ. ಅದೇ ತಪ್ಪಾಯಿತು ನೋಡಿ. ಉಳಿದದ್ದೆಲ್ಲ ಬಿಟ್ಟು ಎಲ್ಲರೂ ಆ ಸಾಲನ್ನೇ ಹಿಡಿದುಕೊಂಡಿದ್ದಾರೆ. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರದ್ದೇ. ಹಾಗಾಗಿ ಈ ಸಲ ಟಯರ್, ಮೈಲೇಜ್, ಇನ್ಶೂರೆನ್ಸ್ ಎಲ್ಲಕ್ಕೂ ರಜೆ. ಬರೀ ಕ್ಲೇ, ಅಂದರೆ ತೊಳೆದರೂ ಹೋಗದ ಕೊಳೆಯನ್ನು ಪೇಂಟ್ ಮೇಲಿಂದ ಕೀಳುವ ಮುದ್ದೆ.

ಪ್ರಶ್ನೆ: ಸರ್, ಕ್ಲೇ ಅಂದ್ರೆ ಜೇಡಿಮಣ್ಣೇ ತಾನೆ? ಮಕ್ಕಳು ಮನೆಯಲ್ಲೇ ಗಣಪನನ್ನು ಮಾಡಲಿ ಅಂತ ಹಬ್ಬಕ್ಕೆ ತಂದಿದ್ದ ಮಣ್ಣು ಎರಡು ಕೆ.ಜಿ. ಹಾಗೇ ಉಳಿದಿದೆ. ಅದನ್ನೇ ಒದ್ದೆ ಮಾಡಿ ಕಾರಿಗೆ ಉಜ್ಜಬಹುದಾ? ಅಂಗಡಿಯಲ್ಲಿ ಸೋಪಿನಷ್ಟು ಗಾತ್ರದ ತುಂಡಿಗೆ ಆರುನೂರು ರೂಪಾಯಿ ಕೇಳುತ್ತಿದ್ದಾರೆ.
— ಓದುಗರೊಬ್ಬರು, ತುಮಕೂರು

ಉತ್ತರ: ದಯವಿಟ್ಟು ಬೇಡ. ಕೆರೆಮಣ್ಣು ಎಷ್ಟೇ ನುಣುಪಾಗಿ ಕಂಡರೂ ಒಳಗೆ ಸಣ್ಣ ಮರಳು ಇದ್ದೇ ಇರುತ್ತದೆ. ಗಣಪನ ಹೊಟ್ಟೆಗೆ ಅದರಿಂದ ಏನೂ ಆಗುವುದಿಲ್ಲ, ನಿಮ್ಮ ಬಾನೆಟ್‌ಗೆ ಆಗುತ್ತದೆ. ಮಕ್ಕಳು ಆಡುವ ಬಣ್ಣದ ಕ್ಲೇ ಕೂಡ ಬೇಡ, ಅದು ಸುಮ್ನೆ ಮೆತ್ತಿಕೊಳ್ಳುತ್ತದೆ ಅಷ್ಟೇ.

ಕಾರಿನ ಕ್ಲೇ ಹೆಸರಿಗಷ್ಟೇ ಮಣ್ಣು. ಅದು ಅಂಟಂಟಾದ, ರಬ್ಬರಿನಂತೆ ಎಳೆದರೆ ಬರುವ ಒಂದು ಮುದ್ದೆ. ಅದರೊಳಗೆ ತುಂಬಾ ನುಣ್ಣನೆಯ ಉಜ್ಜುವ ಪುಡಿ ಬೆರೆಸಿರುತ್ತಾರೆ. ಜಪಾನಿನಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಬಂದದ್ದು. ತಡಾವೊ ಕೊಡಾಟೆ ಅನ್ನುವವರು 1990ರ ದಶಕದಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡರು. ಆ ಪೇಟೆಂಟಿನಲ್ಲಿ ಇದನ್ನು ಮಣ್ಣು ಅಂತ ಕರೆದೇ ಇಲ್ಲ, ಬೇಕಾದ ಹಾಗೆ ಬಾಗುವ ಸಾಣೆಕಲ್ಲು ಅನ್ನುವ ಅರ್ಥದ ಹೆಸರು ಕೊಟ್ಟಿದ್ದಾರೆ. ನನಗೆ ಆ ಹೆಸರೇ ಇಷ್ಟ. ಸಾಣೆಕಲ್ಲು ಅಂತ ನೆನಪಿದ್ದರೆ ಕೈ ತಾನಾಗಿ ಹಗುರಾಗುತ್ತದೆ.

ಇದರ ಕೆಲಸ ಇಷ್ಟೇ. ಪಕ್ಕದ ಗೋಡೆಗೆ ಬಣ್ಣ ಸ್ಪ್ರೇ ಮಾಡಿದಾಗ ಹಾರಿ ಬಂದ ಹನಿ, ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ, ಮರದಿಂದ ಬಿದ್ದು ಒಣಗಿದ ಅಂಟು, ಇವೆಲ್ಲ ಪೇಂಟ್ ಮೇಲೆ ಗಟ್ಟಿಯಾಗಿ ಕೂತಿರುತ್ತವೆ. ಶಾಂಪೂಗೆ ಬಗ್ಗುವುದಿಲ್ಲ. ಆದರೆ ಪೇಂಟಿನ ಮಟ್ಟಕ್ಕಿಂತ ಒಂದು ಕೂದಲೆಳೆಯಷ್ಟಾದರೂ ಮೇಲೆ ಎದ್ದಿರುತ್ತವೆ. ಜಾರುವ ದ್ರವ ಸಿಂಪಡಿಸಿ ಕ್ಲೇ ಆಡಿಸಿದಾಗ ಅದು ಸಮತಟ್ಟಾದ ಕಡೆ ಜಾರಿಕೊಂಡು ಹೋಗುತ್ತದೆ, ಎದ್ದು ನಿಂತದ್ದನ್ನು ಹಿಡಿದು ಕಿತ್ತುಕೊಳ್ಳುತ್ತದೆ.

ಆರುನೂರು ಕೊಡುವ ಮೊದಲು ನಿಮಗೆ ಅದು ಬೇಕಾ ಅಂತ ನೋಡಿಕೊಳ್ಳಿ. ಕಾರು ಚೆನ್ನಾಗಿ ತೊಳೆದು ಒರೆಸಿ. ತರಕಾರಿ ತರುವ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ, ಬೆರಳ ತುದಿಯಿಂದ ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ಗೊತ್ತಾಗದ ತರಿ ಕವರಿನೊಳಗಿಂದ ಚೆನ್ನಾಗಿ ಗೊತ್ತಾಗುತ್ತದೆ. ರವೆ ಚೆಲ್ಲಿದ ಹಾಗೆ ಇದ್ದರೆ ಕ್ಲೇ ಬೇಕು. ಗಾಜಿನಂತೆ ಜಾರಿದರೆ ಆರುನೂರು ಜೇಬಲ್ಲೇ ಇರಲಿ.

ಪ್ರಶ್ನೆ: ನನ್ನದು ಬಿಳಿ ಕಾರು, ಎರಡೇ ವರ್ಷ ಆಗಿದೆ. ಹಿಂದಿನ ಬಾಗಿಲು ಮತ್ತು ಡಿಕ್ಕಿ ಮೇಲೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು ಬಂದಿವೆ. ಸರ್ವಿಸ್‌ಗೆ ಬಿಟ್ಟಾಗ "ಬಾಡಿ ತುಕ್ಕು ಹಿಡೀತಿದೆ ಮೇಡಂ, ಮೂರು ಪ್ಯಾನಲ್ ಪೇಂಟ್ ಮಾಡಿಸಬೇಕು" ಅಂದರು. ಇಷ್ಟು ಬೇಗ ತುಕ್ಕು ಹಿಡಿಯುತ್ತದಾ?
— ಓದುಗರೊಬ್ಬರು, ರಾಜರಾಜೇಶ್ವರಿ ನಗರ, ಬೆಂಗಳೂರು

ಉತ್ತರ: ಪೇಂಟ್ ಮಾಡಿಸಬೇಡಿ ಮೇಡಂ. ಮೊದಲು ಇದನ್ನು ಓದಿ.

ಬಾಡಿಯ ತಗಡೇ ತುಕ್ಕು ಹಿಡಿದರೆ ಅದು ಒಳಗಿನಿಂದ ಬರುತ್ತದೆ. ಪೇಂಟ್ ಗುಳ್ಳೆಯಂತೆ ಉಬ್ಬುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ನೀವು ಹೇಳುತ್ತಿರುವುದು ಮೇಲಿನಿಂದ ಬಂದದ್ದು. ಬ್ರೇಕ್ ಹಾಕಿದಾಗಲೆಲ್ಲ ಡಿಸ್ಕ್ ಮತ್ತು ಪ್ಯಾಡ್ ಸವೆದು ಕಬ್ಬಿಣದ ಬಿಸಿ ಪುಡಿ ಹಾರುತ್ತದೆ, ನಿಮ್ಮ ಕಾರಿನದ್ದೂ, ಮುಂದೆ ಹೋಗುವ ಬಸ್ಸಿನದ್ದೂ. ರೈಲು ಹಳಿಯ ಪಕ್ಕ ನಿಲ್ಲಿಸುವವರಿಗೆ ಇನ್ನೂ ಜಾಸ್ತಿ. ನಮ್ಮ ಊರುಗಳಲ್ಲಿ ಇದಕ್ಕೆಲ್ಲ ಮಿಗಿಲಾದದ್ದು ಇನ್ನೊಂದಿದೆ: ಪಕ್ಕದ ಸೈಟಿನಲ್ಲಿ ಕಿಟಕಿ ಗ್ರಿಲ್ ಮಾಡುವವರು. ಗ್ರೈಂಡರಿನಿಂದ ದೀಪಾವಳಿ ಸುರುಸುರುಬತ್ತಿಯಂತೆ ಕಿಡಿ ಹಾರುತ್ತದಲ್ಲ, ಅದು ಅಷ್ಟೂ ಕಾದ ಕಬ್ಬಿಣ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್ ಮೇಲೆ ಬಿದ್ದರೆ ಕಚ್ಚಿಕೊಂಡು ಕೂರುತ್ತದೆ, ಮಳೆ ತಾಗಿದ ಮೇಲೆ ಆ ಕಣವೇ ತುಕ್ಕು ಹಿಡಿದು ಕಂದು ಬಣ್ಣ ಬಿಡುತ್ತದೆ. ಕಪ್ಪು ಕಾರಿಗೂ ಇದು ಆಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಇದಕ್ಕೆ ನೇರವಾಗಿ ಕ್ಲೇ ಹಾಕಲು ಹೋಗಬೇಡಿ. ಕಣದ ತಲೆ ಮಾತ್ರ ಮುರಿದು ಬಂದು ಬುಡ ಒಳಗೇ ಉಳಿಯಬಹುದು, ಸ್ವಲ್ಪ ದಿನಕ್ಕೆ ಚುಕ್ಕೆ ಮತ್ತೆ ಹಾಜರು. ಐರನ್ ರಿಮೂವರ್ ಅಂತ ಸ್ಪ್ರೇ ಬಾಟಲಿ ಸಿಗುತ್ತದೆ. ನೆರಳಿನಲ್ಲಿ, ಪ್ಯಾನಲ್ ತಣ್ಣಗಿರುವಾಗ ಹೊಡೆಯಿರಿ. ಕಬ್ಬಿಣ ಇದ್ದ ಕಡೆಯೆಲ್ಲ ನೇರಳೆ ಬಣ್ಣದ ಗೆರೆ ಇಳಿಯಲು ಶುರುವಾಗುತ್ತದೆ. ಮೊದಲ ಸಲ ನೋಡುವವರಿಗೆ ಗಾಬರಿಯಾಗುತ್ತದೆ, ಆಮೇಲೆ ಖುಷಿಯಾಗುತ್ತದೆ. ವಾಸನೆ ಮಾತ್ರ ಕೊಳೆತ ಮೊಟ್ಟೆಯದು, ಮನೆಯವರಿಗೆ ಮೊದಲೇ ಹೇಳಿಡಿ. ಮೂರ್ನಾಲ್ಕು ನಿಮಿಷ ಬಿಟ್ಟು, ಒಣಗುವ ಮೊದಲೇ ತೊಳೆಯಿರಿ. ಗ್ಲೌಸ್ ಹಾಕಿಕೊಳ್ಳಿ. ಅದಾದ ಮೇಲೂ ತರಿ ಉಳಿದಿದ್ದರೆ ಆಗ ಕ್ಲೇ. ಚುಕ್ಕೆ ಹೋದ ಮೇಲೆ ಕಾರನ್ನು ಅದೇ ಸರ್ವಿಸ್ ಅಡ್ವೈಸರ್‌ಗೆ ಒಮ್ಮೆ ತೋರಿಸಿ ಬನ್ನಿ, ಜಗಳಕ್ಕಲ್ಲ, ಮುಂದಿನವರ ಮೂರು ಪ್ಯಾನಲ್ ಉಳಿಯಲಿ ಅಂತ.

ಪ್ರಶ್ನೆ: ಕ್ಲೇ ಹಾಕಿದರೆ ಗೀರು ಹೋಗುತ್ತದಾ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇಲ್ಲ. ಅದು ಪೇಂಟ್ ಮೇಲೆ ಕೂತಿರುವುದನ್ನು ತೆಗೆಯುತ್ತದೆ. ಗೀರು ಅಂದರೆ ಪೇಂಟೇ ಹೋಗಿರುವುದು, ಇಲ್ಲದ್ದನ್ನು ಹೇಗೆ ತೆಗೆಯುವುದು ಸ್ವಾಮಿ?

ಪ್ರಶ್ನೆ: ಕ್ಲೇ ತಂದು ಒಂದು ತಿಂಗಳಾಯಿತು, ಹಾಕಲು ಧೈರ್ಯ ಬರುತ್ತಿಲ್ಲ. ಯೂಟ್ಯೂಬ್‌ನಲ್ಲಿ ಒಬ್ಬೊಬ್ಬ ಒಂದೊಂದು ಹೇಳುತ್ತಾನೆ. ಒಬ್ಬ ಸೋಪಿನ ನೀರು ಸಾಕು ಅಂತಾನೆ, ಇನ್ನೊಬ್ಬ ಅವರ ಬಾಟಲಿಯನ್ನೇ ತಗೋಬೇಕು ಅಂತಾನೆ. ನೀವು ಹೇಗೆ ಮಾಡ್ತೀರಿ, ಅದನ್ನೇ ಹೇಳಿ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಾನು ಮೊದಲ ಸಲ ಹೇಗೆ ಮಾಡಿದೆ ಅಂತ ಹೇಳಿಬಿಡುತ್ತೇನೆ, ಹಾಗೆ ಮಾಡಬೇಡಿ. ಕಪ್ಪು ಕಾರು. ಭಾನುವಾರ ಬೆಳಿಗ್ಗೆ ಹತ್ತೂವರೆ, ಬಿಸಿಲು ಏರುತ್ತಿತ್ತು. ಮುಂದಿನ ಬಾಗಿಲು ಮಾಡುವಾಗ ಕ್ಲೇ ಕೈಯಿಂದ ಜಾರಿ ಗೇಟಿನ ಮುಂದಿನ ಕಾಂಕ್ರೀಟ್ ಮೇಲೆ ಬಿತ್ತು. ಎತ್ತಿಕೊಂಡೆ, ಊದಿದೆ, ನಲ್ಲಿ ಕೆಳಗೆ ಹಿಡಿದೆ, ಕಣ್ಣಿಗೆ ಏನೂ ಕಾಣಲಿಲ್ಲ, ಉಜ್ಜಿದೆ. ನಾಲ್ಕು ಸಲ ಆಡಿಸುವಷ್ಟರಲ್ಲಿ ಬಾಗಿಲ ಉದ್ದಕ್ಕೂ ಬೆಕ್ಕು ಪರಚಿದ ಹಾಗೆ ಗೆರೆ. ಆ ಗೆರೆ ತೆಗೆಸಲು ಪಾಲಿಶ್‌ಗೆ ಕೊಟ್ಟ ದುಡ್ಡಲ್ಲಿ ಹತ್ತು ಕ್ಲೇ ಬರುತ್ತಿತ್ತು. ಅವತ್ತಿನಿಂದ ನಿಯಮ ಒಂದೇ, ನೆಲಕ್ಕೆ ಬಿದ್ದ ಕ್ಲೇ ಕಸದ ಬುಟ್ಟಿಗೆ. ಅದಕ್ಕೇ 100 ಗ್ರಾಮಿನ ಬಾರನ್ನು ಮೊದಲೇ ಮೂರು ತುಂಡು ಮಾಡಿಟ್ಟುಕೊಳ್ಳುತ್ತೇನೆ. ಒಂದು ಹೋದರೂ ಎರಡು ಇರುತ್ತವೆ.

ಈಗ ಸರಿಯಾದ ವಿಧಾನ. ಬೆಳಿಗ್ಗೆ ಬೇಗ ಅಥವಾ ಸಂಜೆ, ನೆರಳಿನಲ್ಲಿ. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಕಾರನ್ನು ಶಾಂಪೂ ಹಾಕಿ ಪೂರ್ತಿ ತೊಳೆಯಿರಿ. ಇದನ್ನು ಬಿಟ್ಟು ಧೂಳಿನ ಮೇಲೇ ಕ್ಲೇ ಹಾಕಿದರೆ ಧೂಳೇ ಉಪ್ಪುಕಾಗದ ಆಗುತ್ತದೆ. ಡಾಂಬರಿನ ಕಲೆ ಇದ್ದರೆ ಟಾರ್ ರಿಮೂವರಿನಿಂದ ಮೊದಲೇ ತೆಗೆಯಿರಿ, ಡಾಂಬರು ಮೆತ್ತಿದರೆ ಕ್ಲೇ ಹಾಳು.

ಒಂದು ತುಂಡನ್ನು ಬಿಸಿನೀರಿನಲ್ಲಿ ಅದ್ದಿ ಚಪಾತಿ ಹಿಟ್ಟಿನಂತೆ ನಾದಿ, ಮೂರು ಬೆರಳಿನ ಅಗಲಕ್ಕೆ ತಟ್ಟಿಕೊಳ್ಳಿ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಅಷ್ಟು ಜಾಗ ಮಾತ್ರ ಒಂದು ಸಲಕ್ಕೆ. ಅಲ್ಲಿ ಜಾರುವ ದ್ರವವನ್ನು ಧಾರಾಳವಾಗಿ ಹೊಡೆಯಿರಿ, ಕ್ಲೇ ಮೇಲೂ ಹೊಡೆಯಿರಿ. ಜಿಪುಣತನ ಇಲ್ಲಿ ಬೇಡ. ನೇರ ಗೆರೆಯಲ್ಲಿ ಹಿಂದೆ ಮುಂದೆ ಆಡಿಸಿ. ಸುತ್ತಿ ಸುತ್ತಿ ಉಜ್ಜಬೇಡಿ, ದೋಸೆ ಹುಯ್ಯುತ್ತಿಲ್ಲ ನಾವು. ಕೈಯ ಭಾರ ಹಾಕಬೇಡಿ, ಕ್ಲೇ ಕೆಳಗೆ ಬೀಳದಷ್ಟು ಹಿಡಿದರೆ ಸಾಕು. ಮೊದಲು ಕಿಸಿಕಿಸಿ ಅಂತ ತಡೆಯುತ್ತದೆ, ಸದ್ದೂ ಕೇಳಿಸುತ್ತದೆ. ಏಳೆಂಟು ಸಲ ಆಡಿಸಿದ ಮೇಲೆ ಸದ್ದು ನಿಲ್ಲುತ್ತದೆ, ಕ್ಲೇ ಸರ್ರಂತ ಜಾರುತ್ತದೆ. ಆ ಜಾಗ ಮುಗಿಯಿತು. ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕೆ ಹೋಗಿ. ಪ್ರತಿ ಸಲ ಕ್ಲೇ ತಿರುಗಿಸಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಕ್ಕೆ ಮಡಚಿ, ನಾದಿ, ಹೊಸ ಮುಖ ತನ್ನಿ. ಮಡಚಿದರೂ ಎಲ್ಲಾ ಕಡೆ ಕೊಳಕೇ ಕಂಡರೆ ಎಸೆಯಿರಿ. ಚಾವಣಿ, ಬಾನೆಟ್‌ನಿಂದ ಶುರು ಮಾಡಿ ಬಾಗಿಲ ಕೆಳಭಾಗ ಮತ್ತು ಹಿಂದಿನ ಬಂಪರನ್ನು ಕೊನೆಗಿಡಿ, ಹೆಚ್ಚು ಕೊಳೆ ಇರುವುದು ಅಲ್ಲೇ.

ಜಾರುವ ದ್ರವದ ವಿಷಯ. ಅವರದ್ದೇ ಬಾಟಲಿ ಬೇಕಂತಿಲ್ಲ. ಕ್ವಿಕ್ ಡೀಟೇಲರ್ (ತೊಳೆದ ಕಾರಿಗೆ ಸಿಂಪಡಿಸಿ ಒರೆಸುವ ಸ್ಪ್ರೇ) ಇದ್ದರೆ ಅನುಕೂಲ, ಇಲ್ಲವೆಂದರೆ ಕಾರು ಶಾಂಪೂವನ್ನು ನೀರಿಗೆ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿಕೊಳ್ಳಿ, ನಾನು ಹಾಗೇ ಮಾಡುವುದು. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಸ್ಪಿರಿಟ್ ಬೆರೆತ ಯಾವುದೂ ಬೇಡ, ಕ್ಲೇ ಮೆತ್ತಗಾಗಿ ಪೇಂಟ್‌ಗೆ ಅಂಟಿಕೊಂಡು ತೆಗೆಯಲು ಇನ್ನೊಂದು ಗಂಟೆ ಬೇಕಾಗುತ್ತದೆ. ಮನೆಯಲ್ಲಿ ಮಾಡುವವರು ಫೈನ್ ಗ್ರೇಡ್ ಅಂತ ಬರೆದದ್ದನ್ನೇ ತೆಗೆದುಕೊಳ್ಳಿ. ಬಣ್ಣ ನೋಡಿ ಗ್ರೇಡ್ ಅಳೆಯಬೇಡಿ, ಒಂದು ಕಂಪನಿಯ ನೀಲಿ ಇನ್ನೊಂದು ಕಂಪನಿಯ ನೀಲಿಯಲ್ಲ.

ಒಂದು ಮುಖ್ಯ ಮಾತು, ಬಹಳ ಜನ ಇದನ್ನೇ ಮರೆಯುತ್ತಾರೆ. ಕ್ಲೇ ಹಾಕಿದಾಗ ಹಳೆಯ ವ್ಯಾಕ್ಸ್ ಕೂಡ ಹೋಗುತ್ತದೆ. ಪೇಂಟ್ ಬರಿಮೈಯಲ್ಲಿ ನಿಂತಿರುತ್ತದೆ. ಅವತ್ತೇ ವ್ಯಾಕ್ಸ್ ಅಥವಾ ಅದರಂತೆಯೇ ಪೇಂಟ್ ಕಾಯುವ ಸೀಲಂಟ್ ಹಾಕಿ ಮುಗಿಸಿ. ಅಷ್ಟು ಸಮಯ ಇಲ್ಲವೆಂದರೆ ಇನ್ನೊಂದು ಭಾನುವಾರ ನೋಡಿಕೊಳ್ಳಿ, ಅರ್ಧ ಕೆಲಸ ಬೇಡ. ವರ್ಷಕ್ಕೆ ಒಂದು ಸಲ ಸಾಕು, ರಸ್ತೆ ಬದಿ ನಿಲ್ಲಿಸುವವರಿಗೆ ಎರಡು. ತಿಂಗಳಿಗೊಮ್ಮೆ ಹಾಕುವವರೂ ಇದ್ದಾರೆ. ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ, ನಮ್ಮ ತಲೆಗೂದಲೇ ಹೆಚ್ಚುಕಮ್ಮಿ 70 ಮೈಕ್ರಾನ್ ಇರುತ್ತದೆ. ಅಷ್ಟು ತೆಳುವಾದದ್ದರ ಮೇಲೆ ಸಾಣೆಕಲ್ಲಿನ ಹವ್ಯಾಸ ಯಾಕೆ?

ಪ್ರಶ್ನೆ: ಅಪಾರ್ಟ್‌ಮೆಂಟ್‌ನಲ್ಲಿ ಬೋರ್‌ವೆಲ್ ನೀರು. ಕಾವೇರಿ ನೀರಲ್ಲಿ ಕಾರು ತೊಳೆದರೆ ದಂಡ ಅಂತಾರೆ, ಅದಕ್ಕೆ ನಮ್ಮ ಮನೆಯ ಆರ್‌ಓ ವೇಸ್ಟ್ ನೀರು ಬಕೆಟ್‌ನಲ್ಲಿ ಹಿಡಿದು ತೊಳೆಯುತ್ತೇನೆ. ನೀರು ಉಳಿಯಿತು ಅಂತ ಸಮಾಧಾನ. ಆದರೆ ಕಾರಿನ ತುಂಬಾ ಬಿಳಿ ಉಂಗುರದ ಕಲೆ. ಕ್ಲೇ ಹಾಕಿದೆ, ತರಿ ಹೋಯಿತು, ಉಂಗುರ ಹೋಗಲಿಲ್ಲ.
— ಓದುಗರೊಬ್ಬರು, ವೈಟ್‌ಫೀಲ್ಡ್, ಬೆಂಗಳೂರು

ಉತ್ತರ: ನಿಮ್ಮ ಉದ್ದೇಶ ಒಳ್ಳೆಯದೇ, ಬಕೆಟ್ ಮಾತ್ರ ತಪ್ಪು. ಆರ್‌ಓ ಯಂತ್ರ ಏನು ಮಾಡುತ್ತದೆ? ಉಪ್ಪು, ಸುಣ್ಣದಂಶವನ್ನೆಲ್ಲ ಕುಡಿಯುವ ನೀರಿನಿಂದ ತೆಗೆದು ವೇಸ್ಟ್ ಪೈಪಿಗೆ ಕಳಿಸುತ್ತದೆ. ಅಂದರೆ ಆ ಬಕೆಟಿನಲ್ಲಿ ಇರುವುದು ಬೋರ್‌ವೆಲ್ ನೀರಿಗಿಂತ ಗಡಸಾದ ನೀರು. ಅದು ಬಿಸಿಲಲ್ಲಿ ಒಣಗಿದರೆ ನೀರು ಆವಿಯಾಗುತ್ತದೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಉಂಗುರವಾಗಿ ಉಳಿಯುತ್ತದೆ. ಗೀಸರಿನ ಕಾಯಿಲ್ ಮೇಲೆ ಕಟ್ಟುತ್ತದಲ್ಲ, ಅದೇ. ಆ ನೀರನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಕಲೆಗೆ ಬಿಳಿ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ, ಬಟ್ಟೆ ಅದ್ದಿ ಕಲೆಯ ಮೇಲೆ ಒಂದೆರಡು ನಿಮಿಷ ಇಡಿ, ನೆರಳಿನಲ್ಲಿ. ಆಮೇಲೆ ಚೆನ್ನಾಗಿ ತೊಳೆದು ಒರೆಸಿ. ಹೊಸ ಕಲೆಯಾದರೆ ಹೋಗುತ್ತದೆ. ಹೋಗದಿದ್ದರೆ ಅದು ಕ್ಲಿಯರ್ ಕೋಟನ್ನು ತಿಂದು ಒಳಗಿಳಿದಿದೆ ಅಂತ ಅರ್ಥ, ಪಾಲಿಶ್ ಮಾಡಿಸದೆ ಬೇರೆ ದಾರಿಯಿಲ್ಲ. ಯಾರೋ ಹೇಳಿದರು ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅದು ಹಿತ್ತಾಳೆ ಚೊಂಬಲ್ಲ.

ದಂಡದ ಮಾತು ನಿಜ. 2024ರ ಮಾರ್ಚ್‌ನಲ್ಲಿ ಬೇಸಿಗೆಯ ನೀರಿನ ತೊಂದರೆ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ನೀರು ಉಳಿಸುವುದೇ ಆದರೆ ರಿನ್ಸ್‌ಲೆಸ್ ವಾಶ್ ಅಂತ ಒಂದು ದ್ರವ ಬರುತ್ತದೆ. ಒಂದು ಬಕೆಟ್ ನೀರಿಗೆ ಸ್ವಲ್ಪ ಹಾಕಿದರೆ ಇಡೀ ಕಾರು ಆಗುತ್ತದೆ, ಮತ್ತೆ ನೀರು ಸುರಿಯಬೇಕಿಲ್ಲ. ಅದೇ ನೀರು ಕ್ಲೇ ಹಾಕುವಾಗ ಜಾರಿಸಲೂ ಆಗುತ್ತದೆ. ತುಂಬಾ ಕೆಸರಾಗಿದ್ದರೆ ಮಾತ್ರ ಇದು ಸಾಲದು. ಇನ್ನೊಂದು, ಮನೆಯಲ್ಲಿ ಎಸಿ ಇದ್ದರೆ ಅದರ ಪೈಪಿನಿಂದ ತೊಟ್ಟಿಕ್ಕುವ ನೀರನ್ನು ಹಿಡಿದಿಡಿ. ಅದರಲ್ಲಿ ಸುಣ್ಣದಂಶ ಇಲ್ಲವೇ ಇಲ್ಲ ಅನ್ನಬಹುದು. ಕೊನೆಯ ಸಲ ಒರೆಸಲು ಅದಕ್ಕಿಂತ ಒಳ್ಳೆಯ ನೀರು ಪುಕ್ಕಟೆ ಸಿಗುವುದಿಲ್ಲ.

ಪ್ರಶ್ನೆ: ಕಳೆದ ವರ್ಷ ಸೆರಾಮಿಕ್ ಕೋಟಿಂಗ್ ಮಾಡಿಸಿದ್ದೇನೆ, ಇಪ್ಪತ್ತೆಂಟು ಸಾವಿರ. ಈಗ ಮುಟ್ಟಿದರೆ ತರಿತರಿ. ಕ್ಲೇ ಹಾಕಬಹುದಾ?
— ಓದುಗರೊಬ್ಬರು, ಮೈಸೂರು

ಉತ್ತರ: ಹಾಕಬೇಡಿ, ಸದ್ಯಕ್ಕೆ. ಸೆರಾಮಿಕ್ ಕೋಟಿಂಗ್ ಅಂದರೆ ಪೇಂಟ್ ಮೇಲೆ ಹಚ್ಚುವ ಗಟ್ಟಿಯಾದ ರಕ್ಷಣೆಯ ಪದರ, ಅದು ಇದ್ದರೂ ಕೊಳೆ ಕೂರುವುದು ಕೂರುತ್ತದೆ. ಕೋಟಿಂಗ್ ಮಾರುವವರು ಇದನ್ನು ಮೆತ್ತಗೆ ಹೇಳುತ್ತಾರೆ. ಮೊದಲು ಒಳ್ಳೆಯ ಶಾಂಪೂ, ಆಮೇಲೆ ಐರನ್ ರಿಮೂವರ್. ಬಹಳ ಸಲ ಅಷ್ಟಕ್ಕೇ ನುಣುಪು ವಾಪಸ್ ಬರುತ್ತದೆ, ನೀರು ಮತ್ತೆ ಮುತ್ತಿನಂತೆ ಉರುಳುತ್ತದೆ. ಕ್ಲೇ ಉಜ್ಜಿದರೆ ಕೋಟಿಂಗಿನ ಮೇಲ್ಮೈಗೂ ಏಟು ಬೀಳುತ್ತದೆ. ವಾರಂಟಿ ಕಾರ್ಡ್ ಇದ್ದರೆ ಕೋಟಿಂಗ್ ಮಾಡಿದವರನ್ನೇ ಕೇಳಿ, ನೀವೇ ಏನಾದರೂ ಮಾಡಿದರೆ ಆಮೇಲೆ ಅದೇ ಅವರಿಗೆ ನೆಪವಾಗುತ್ತದೆ. ಮ್ಯಾಟ್ ಫಿನಿಶ್ (ಹೊಳಪಿಲ್ಲದ ಪೇಂಟ್) ಕಾರಿನವರಿಗೂ ಇಲ್ಲೇ ಹೇಳಿಬಿಡುತ್ತೇನೆ, ನಿಮಗೆ ಕ್ಲೇ ಯಾವತ್ತೂ ಬೇಡ. ಉಜ್ಜಿದ ಕಡೆ ಮಾತ್ರ ಮಿಂಚಲು ಶುರುವಾದರೆ ಅದನ್ನು ಮತ್ತೆ ಮ್ಯಾಟ್ ಮಾಡಲು ಆಗುವುದಿಲ್ಲ.

ಪ್ರಶ್ನೆ: ಆಯುಧಪೂಜೆಗೆ ಅಮ್ಮ ಬಾನೆಟ್ ಮೇಲೆ ಅರಿಶಿನ ಕುಂಕುಮದಲ್ಲಿ ಸ್ವಸ್ತಿಕ್ ಬರೆದರು. ಬಾಳೆಕಂದು ಕಟ್ಟಲು ಟೇಪ್ ಬೇರೆ ಹಾಕಿದ್ದೆ. ಮೂರು ವಾರ ಆಯಿತು, ತೊಳೆದರೂ ಗುಲಾಬಿ ಕಲೆ ಹಾಗೇ ಇದೆ, ಟೇಪಿನ ಅಂಟೂ ಇದೆ. ಬೆಳ್ಳಿ ಬಣ್ಣದ ಕಾರು.
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಪ್ರತಿ ವರ್ಷ ವಿಜಯದಶಮಿ ಕಳೆದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ. ಅರಿಶಿನದ ಹಳದಿ ದೊಡ್ಡ ತಲೆನೋವಲ್ಲ, ಬಿಸಿಲಿಗೆ ಅದು ತಾನಾಗಿಯೇ ಮಾಸುತ್ತದೆ. ನಮ್ಮ ಅಜ್ಜಿಯರು ಅರಿಶಿನ ಮೆತ್ತಿದ ಬಟ್ಟೆಯನ್ನು ಬಿಸಿಲಿಗೆ ಹಾಕುತ್ತಿದ್ದದ್ದು ಸುಮ್ನೆ ಅಲ್ಲ. ತೊಂದರೆ ಕೊಡುವುದು ಬಣ್ಣ ಬೆರೆಸಿದ ಅಂಗಡಿ ಕುಂಕುಮ. ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಅಷ್ಟೇ ನೀರಿಗೆ ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯಿರಿ. ಉಜ್ಜಿ ಹರಡಬೇಡಿ. ಟೇಪಿನ ಅಂಟಿಗೆ ಟಾರ್ ರಿಮೂವರ್ ನಡೆಯುತ್ತದೆ. ಅಂಟನ್ನು ಬ್ಲೇಡಿನಿಂದ ಕೆರೆಯುವವರನ್ನೂ ನೋಡಿದ್ದೇನೆ, ಅವರ ಕಾರುಗಳನ್ನೂ ನೋಡಿದ್ದೇನೆ. ಇದೆಲ್ಲ ಆಗಿ ತೊಳೆದ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಒರಟು ಉಳಿದಿದ್ದರೆ ಕ್ಲೇ ಒಂದು ಸಲ ಆಡಿಸಿ, ವ್ಯಾಕ್ಸ್ ಹಾಕಿ.

ಮುಂದಿನ ವರ್ಷಕ್ಕೆ ಒಂದು ಉಪಾಯ: ಪೂಜೆಯ ಹಿಂದಿನ ದಿನವೇ ವ್ಯಾಕ್ಸ್ ಹಾಕಿಡಿ, ಕುಂಕುಮ ಅದರ ಮೇಲೆ ಕೂರುತ್ತದೆ. ಅಮ್ಮನಿಗೆ ಮಾತ್ರ "ಬಾನೆಟ್ ಬೇಡ, ಗಾಜಿನ ಮೇಲೆ ಬರೀರಿ" ಅಂತ ಹೇಳಲು ಹೋಗಬೇಡಿ. ನಾನು ಹೇಳಿ ನೋಡಿದ್ದೇನೆ.

ಪ್ರಶ್ನೆ: ಗಾಜಿಗೆ ಕ್ಲೇ ಹಾಕಬಹುದಾ? ವೈಪರ್ ಹೊಸದು ಹಾಕಿಸಿದರೂ ಕಿರ್ರ್ ಅನ್ನುತ್ತದೆ.
— ಓದುಗರೊಬ್ಬರು, ಪುತ್ತೂರು

ಉತ್ತರ: ಧಾರಾಳವಾಗಿ. ನಿಜ ಹೇಳಬೇಕೆಂದರೆ ಹೊಸಬರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು, ಗಾಜು ಪೇಂಟಿನಷ್ಟು ಸೂಕ್ಷ್ಮವಲ್ಲ, ಕೈ ಪಳಗುತ್ತದೆ. ವೈಪರ್ ಬ್ಲೇಡಿನ ರಬ್ಬರನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಗಾಜಿಗೆ ಬಳಸಿದ ತುಂಡನ್ನು ಮತ್ತೆ ಪೇಂಟಿಗೆ ತರಬೇಡಿ.

ಪ್ರಶ್ನೆ: ಅಪ್ಪನ ಕೆಂಪು ಮಾರುತಿ 800 ಇದೆ, 1994ರ ಮಾಡೆಲ್. ಅಪ್ಪ ಈಗಿಲ್ಲ, ಗಾಡಿ ಮಾರಲು ಮನಸ್ಸಿಲ್ಲ. ಬಣ್ಣ ಮಂಕಾಗಿದೆ ಅಂತ ಕ್ಲೇ ಹಾಕಲು ಹೋದರೆ ಎರಡೇ ನಿಮಿಷಕ್ಕೆ ಕ್ಲೇ ಪೂರ್ತಿ ಕೆಂಪಾಯಿತು. ಪೇಂಟ್ ಕಿತ್ತು ಬರುತ್ತಿದೆ ಅಂತ ಹೆದರಿ ನಿಲ್ಲಿಸಿದ್ದೇನೆ.
— ಓದುಗರೊಬ್ಬರು, ಹಾಸನ

ಉತ್ತರ: ಹೆದರಬೇಡಿ, ಆದರೆ ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಈಗಿನ ಕಾರುಗಳಿಗೆ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಆ ಕಾಲದ ಸಾದಾ ಬಣ್ಣದ ಗಾಡಿಗಳಲ್ಲಿ ಬಹಳಷ್ಟಕ್ಕೆ ಅದು ಇರಲಿಲ್ಲ, ಬಣ್ಣವೇ ಮೇಲಿನ ಪದರ. ಅಂಬಾಸಿಡರ್, ಪದ್ಮಿನಿಗಳದ್ದೂ ಇದೇ ಕಥೆ. ವರ್ಷಗಟ್ಟಲೆ ಬಿಸಿಲು ಬಿದ್ದು ಮೇಲಿನ ಬಣ್ಣ ಸತ್ತು ಪುಡಿಯಾಗಿ ಕೂತಿರುತ್ತದೆ, ಕೆಂಪು ಬಣ್ಣ ಇದರಲ್ಲಿ ಎಲ್ಲದಕ್ಕಿಂತ ಮುಂದೆ. ಕ್ಲೇಗೆ ಮೆತ್ತಿದ್ದು ಆ ಪುಡಿ. ಗಾಡಿ ಒಣಗಿರುವಾಗ ಬೆರಳಲ್ಲಿ ಸವರಿ ನೋಡಿ, ಬೆರಳೂ ಕೆಂಪಾಗುತ್ತದೆ.

ಆದರೆ ನಿಮಗೆ ಬೇಕಾಗಿರುವುದು ಹೊಳಪು, ಅದು ಕ್ಲೇಯಿಂದ ಬರುವುದಿಲ್ಲ. ಕ್ಲೇ ನುಣುಪು ಮಾಡುತ್ತದೆ, ಮಂಕು ತೆಗೆಯುವುದು ಪಾಲಿಶ್. ಈ ಹಳೆಯ ಬಣ್ಣಕ್ಕೆ ಪೇಂಟ್ ಶಾಪಿನ ಹುಡುಗರು ಮಷಿನ್ ಇಟ್ಟು ರಬ್ಬಿಂಗ್ ಮಾಡಿಬಿಡುತ್ತಾರೆ, ಒಂದು ದಿನ ಮದುವೆ ಗಾಡಿಯಂತೆ ಹೊಳೆಯುತ್ತದೆ, ಬಾನೆಟ್ ಅಂಚಿನಲ್ಲಿ ಬಣ್ಣದ ಅಡಿಯ ಪ್ರೈಮರ್ ಇಣುಕುತ್ತದೆ. ಹಾಗೆ ಮಾಡಿಸಬೇಡಿ. ಕೈಯಲ್ಲೇ ಮೃದುವಾದ ಪಾಲಿಶ್ ಹಾಕಿ, ಒಂದು ದಿನಕ್ಕೆ ಒಂದು ಪ್ಯಾನಲ್. ಅಂಚು, ಮಡಿಕೆ ಇರುವ ಕಡೆ ಉಜ್ಜಲೇಬೇಡಿ, ಅಲ್ಲಿ ಬಣ್ಣ ತುಂಬಾ ತೆಳು. ಆಮೇಲೆ ವ್ಯಾಕ್ಸ್, ಮೂರು ತಿಂಗಳಿಗೊಮ್ಮೆ ಮತ್ತೆ ವ್ಯಾಕ್ಸ್, ಮತ್ತೆ ನೆರಳು. ಹೊಸದರಂತೆ ಆಗುವುದಿಲ್ಲ. ಅಪ್ಪ ಓಡಿಸುತ್ತಿದ್ದ ಕಾಲದ ಕೆಂಪು ಸ್ವಲ್ಪ ವಾಪಸ್ ಬರುತ್ತದೆ.

ಪ್ರಶ್ನೆ: ನಮಸ್ಕಾರ್ರೀ ಸರ್. ರಾಣೆಬೆನ್ನೂರು ಹತ್ತಿರ ನಮ್ಮದೊಂದು ಸಣ್ಣ ವಾಟರ್ ಸರ್ವಿಸ್ ಐತ್ರಿ. ಈಗೀಗ ಗಿರಾಕಿಗಳು ಕ್ಲೇ ಮಾಡ್ತೀರೇನು ಅಂತ ಕೇಳ್ತಾರ. ಹೆಂಗ ಶುರು ಮಾಡೂದು? ಒಂದು ಕ್ಲೇಕ ಎಷ್ಟು ಗಾಡಿ ಬರ್ತಾವು?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಮಸ್ಕಾರ್ರೀ. ಎಷ್ಟು ಗಾಡಿ ಬರ್ತಾವು ಅನ್ನುವ ಲೆಕ್ಕ ಇಟ್ಟುಕೊಂಡರೆ ಮೊದಲ ತಿಂಗಳಲ್ಲೇ ಹೆಸರು ಹಾಳು. ಒಂದು ಗಾಡಿಗೆ ಒಂದು ತುಂಡು, ಮುಗಿದ ಮೇಲೆ ಗಿರಾಕಿ ಮುಂದೆಯೇ ಎಸೆಯಿರಿ, ಅದರ ಬೆಲೆ ಬಿಲ್ಲಿನಲ್ಲಿ ಸೇರಿಸಿ. ಎತ್ತಿನಗಾಡಿ ಹೋಗುವ ಮಣ್ಣು ರಸ್ತೆಯಿಂದ ಬಂದ ಕಾರಿನ ಕ್ಲೇಯನ್ನು ಡಾಕ್ಟರ ಹೊಸ ಕಾರಿಗೆ ತಿಕ್ಕಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಕೆಲಸ ಜಾಸ್ತಿ ಆದರೆ ಕ್ಲೇ ಮಿಟ್, ಕ್ಲೇ ಟವಲ್ ಅಂತ ಬರುತ್ತವೆ, ಬಟ್ಟೆಗೆ ರಬ್ಬರಿನಂಥ ಪದರ ಹಚ್ಚಿದ್ದು. ಕೆಳಗೆ ಬಿದ್ದರೂ ತೊಳೆದು ಬಳಸಬಹುದು, ಬೇಗ ಆಗುತ್ತದೆ, ಆದರೆ ಕಪ್ಪು ಕಾರಿನ ಮೇಲೆ ಸಣ್ಣಗೆ ಮಂಜಿನಂಥ ಮಸುಕು ಬಿಡುವ ಸಾಧ್ಯತೆ ಇದೆ.

ಕ್ಲೇ ಮಾಡುವ ಜಾಗವನ್ನು ಬೇರೆ ಇಡಿ. ನಿಮ್ಮ ಕಡೆ ಚಾಸಿಗೆ ಡೀಸೆಲ್ ಸ್ಪ್ರೇ ಹೊಡೆಯುತ್ತೀರಲ್ಲ, ಅದರ ಪಕ್ಕದಲ್ಲೇ ಈ ಕೆಲಸ ಇಟ್ಟರೆ ಆಗುವುದಿಲ್ಲ, ಎಣ್ಣೆ ಮಂಜು ಮತ್ತೆ ಬಂದು ಕೂರುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ ಗಾಡಿಯಾ ಅಂತ ಕೇಳಿ, ತಿಂಗಳು ಎರಡು ತಿಂಗಳು ಆಗದಿದ್ದರೆ ವಾಪಸ್ ಕಳಿಸಿ. ಗಾಡಿ ಒಳಗೆ ತೆಗೆದುಕೊಳ್ಳುವ ಮೊದಲೇ ಇರುವ ಗೀರುಗಳ ಫೋಟೋ ಹೊಡೆದುಕೊಳ್ಳಿ, ಕ್ಲೇ ಆದ ಮೇಲೆ ಕೊಳೆ ಹೋಗಿ ಹಳೆಯ ಗೀರು ಎದ್ದು ಕಾಣುತ್ತದೆ, ಆಗ ಅದು ನಿಮ್ಮ ತಲೆಗೇ ಬರುತ್ತದೆ.

ರೇಟ್ ಜಾಸ್ತಿ ಆಯ್ತು ಅನ್ನುವವರ ಹತ್ತಿರ ವಾದ ಬೇಡ. ಬಾನೆಟ್‌ನ ಅರ್ಧ ಮಾತ್ರ ಮಾಡಿ, ಅವರ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಸಿ ಎರಡೂ ಕಡೆ ಸವರಲು ಹೇಳಿ. ಉಳಿದ ಅರ್ಧವನ್ನೂ ಮಾಡಿಕೊಡಿ ಅಂತ ಅವರೇ ಹೇಳುತ್ತಾರೆ.